ಆ ರಾತ್ರಿ ಬಂದ ನರ್ಸ್‌ಗೆ

ಅಪ್ಪನನ್ನು ಕೊನೆಯವರೆಗೂ ಮನೆಯಲ್ಲೇ ನೋಡಿಕೊಳ್ಳೋಣ ಅಂತ ನಾವೇ ತೀರ್ಮಾನಿಸಿದ್ದೆವು. ಆದರೆ ಆ ರಾತ್ರಿ 2 ಗಂಟೆಗೆ ಅವರ ಗಂಟಲಿನಿಂದ ಗೊರಗೊರ ಸದ್ದು ಶುರುವಾದಾಗ ನನಗೆ ಕೈಕಾಲೇ ಆಡಲಿಲ್ಲ. ಉಸಿರು ಕಟ್ಟುತ್ತಿದೆ ಅಂದುಕೊಂಡು ಫೋನ್ ಮಾಡಿದೆ. ನೀವು ಬಂದಿರಿ.

ಬಂದವರೇ ದೊಡ್ಡ ಲೈಟ್ ಆರಿಸಿದಿರಿ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡಿರಿ. ಎರಡು ದಿನದಿಂದ ಕಣ್ಣೇ ಬಿಡದಿದ್ದ ಅಪ್ಪನಿಗೆ, "ಸ್ವಲ್ಪ ಮಗ್ಗುಲಿಗೆ ತಿರುಗಿಸ್ತೀನಿ ಸಾರ್" ಅಂದಿರಿ. ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಇನ್ನೊಂದು. ಸದ್ದು ಅರ್ಧ ಇಳಿಯಿತು.

"ನುಂಗೋ ಶಕ್ತಿ ಹೋದಾಗ ಎಂಜಲು ಗಂಟಲಲ್ಲೇ ನಿಲ್ಲುತ್ತೆ, ಅದರ ಸದ್ದು ಇದು. ಕೇಳೋರಿಗೇ ಸಂಕಟ ಜಾಸ್ತಿ." ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

ನಾನು ಚಮಚದಲ್ಲಿ ನೀರು ಹಾಕಲು ಹೋಗಿದ್ದೆ. ನೀವು ಬೈಯಲಿಲ್ಲ. ಸುಮ್ನೆ ಚಮಚ ತೆಗೆದಿಟ್ಟು, ಒದ್ದೆ ಹತ್ತಿಯನ್ನು ನನ್ನ ಬೆರಳುಗಳ ನಡುವೆ ಇಟ್ಟು, ತುಟಿ ತೇವ ಮಾಡುವುದು ಹೇಗೆ ಅಂತ ತೋರಿಸಿದಿರಿ. ಕೆಳತುಟಿಯ ಒಣಗಿದ ಸಿಪ್ಪೆ ಮೆತ್ತಗಾಗುವವರೆಗೂ ಪಕ್ಕದಲ್ಲೇ ನಿಂತಿದ್ದಿರಿ. "ಕಿವಿ ಕೇಳಿಸ್ತಿರಬಹುದು, ಮಾತಾಡಿ" ಅಂದು ಬಾಗಿಲು ಅರ್ಧ ಮುಚ್ಚಿಕೊಂಡು ಆಚೆ ಹೋದಿರಿ.

ಏನು ಮಾತಾಡಲಿ? ಹೇಳದೇ ಕೇಳದೇ ಅವರ ರೇಡಿಯೋ ಬಿಚ್ಚಿ ಕೆಡಿಸಿದ್ದು ನಾನೇ ಅಂತ ಒಪ್ಪಿಕೊಂಡೆ. ಮೂವತ್ತು ವರ್ಷದ ಹಿಂದಿನ ಕಳ್ಳತನ ಅದು. ಆಚೆಯಿಂದ ನೀವು ನಕ್ಕಿದ್ದು ಕೇಳಿಸಿತು. ನನಗೂ ನಗು ಬಂತು.

ಮರುದಿನ ಸಂಜೆ ಅಪ್ಪ ಹೋದರು. ಮಾರ್ಫಿನ್ ಕೊಡುವ ಹೊತ್ತನ್ನು ದಪ್ಪ ಅಕ್ಷರದಲ್ಲಿ ನೀವು ಬರೆದ ಚೀಟಿ ಇನ್ನೂ ಫ್ರಿಜ್ ಮೇಲಿದೆ. ನಿಮ್ಮ ಹೆಸರು ಕೇಳುವುದನ್ನೇ ಮರೆತೆ.