ಅಪ್‌ಲೋಡ್ ಶುರುವಾದರೆ ಕಾಲ್ ಕಟ್: ಬಟವಾಡಿಯಿಂದ ನಾಲ್ಕನೇ ದೂರು

ಇಂದ:
ನಿವಾಸಿಗಳ ಸಂಘ, ಬಟವಾಡಿ, ತುಮಕೂರು

ಗೆ:
ವ್ಯವಸ್ಥಾಪಕರು, ಬ್ರಾಡ್‌ಬ್ಯಾಂಡ್ ಗ್ರಾಹಕ ಸೇವೆ

ವಿಷಯ: ನೀವು ಕೂರಿಸಿದ ರೂಟರಿನಲ್ಲಿ ಡೇಟಾದ ಸರತಿ ನಿಯಂತ್ರಣ ಇಲ್ಲದಿರುವುದು

ಮಾನ್ಯರೇ,

ನಮ್ಮ 24 ಮನೆಗಳಿಗೆ ಸೇರಿ ಇರುವುದು ಒಂದೇ ಫೈಬರ್ ಲೈನ್: ಡೌನ್‌ಲೋಡ್ 200, ಅಪ್‌ಲೋಡ್ 20 ಎಂಬಿಪಿಎಸ್. ಮೂರು ಸಲವೂ ನಿಮ್ಮವರು ಸ್ಪೀಡ್ ಟೆಸ್ಟ್ ಮಾಡಿ, "ಸ್ಪೀಡ್ ಸರಿಯಾಗಿದೆ, ಬೇಕಿದ್ದರೆ 300ರ ಪ್ಲಾನ್ ಹಾಕಿಸಿ" ಎಂದು ದೂರು ಮುಚ್ಚಿದ್ದಾರೆ. ಸ್ಪೀಡ್ ಕಡಿಮೆ ಎಂದು ನಾವು ಬರೆದೇ ಇಲ್ಲ; ಒಂದು ಮನೆಯಲ್ಲಿ ಅಪ್‌ಲೋಡ್ ಶುರುವಾದರೆ ಉಳಿದವರ ಕಾಲ್ ಕಟ್ ಆಗುತ್ತದೆ ಎಂಬುದು ನಮ್ಮ ದೂರು. ಆ ಪ್ಲಾನಿನಲ್ಲೂ ಅಪ್‌ಲೋಡ್ 20ರಷ್ಟೇ.

ಲೈನ್ ಖಾಲಿ ಇದ್ದಾಗ ನಿಮ್ಮ ಗೇಟ್‌ವೇಗೆ (ನಿಮ್ಮ ಜಾಲದ ಪ್ರವೇಶದ ಯಂತ್ರಕ್ಕೆ) ಪಿಂಗ್, ಅಂದರೆ ಹೋಗಿಬರುವ ಸಮಯ, 6 ಮಿಲಿಸೆಕೆಂಡ್. ಯಾವುದೋ ಮನೆಯಲ್ಲಿ ಫೋಟೋ ಬ್ಯಾಕಪ್ ಶುರುವಾದರೆ 800ರ ಹತ್ತಿರ ಹೋಗುತ್ತದೆ, ಆದರೂ ಪಿಂಗ್ ಪ್ಯಾಕೆಟ್ (ಡೇಟಾದ ತುಣುಕು) ಬಿದ್ದು ಕಳೆದುಹೋಗುವುದು ಅಪರೂಪ. ಅಂದರೆ ರೂಟರ್ ಎಲ್ಲವನ್ನೂ ಬಫರಿನಲ್ಲಿ (ಕಾಯಿಸಿಡುವ ಮೆಮೊರಿಯಲ್ಲಿ) ಕೂಡಿಡುತ್ತಿದೆ. 2 ಎಂಬಿ ಬಫರ್ ಎಂದರೆ 16 ಮೆಗಾಬಿಟ್, 20 ಎಂಬಿಪಿಎಸ್‌ನಲ್ಲಿ ಅದು ಬರಿದಾಗಲು 0.8 ಸೆಕೆಂಡ್ ಬೇಕು. ಬಹುಪಾಲು ಸಾಧನಗಳಲ್ಲಿ ಡೇಟಾ ಕಳಿಸುವುದನ್ನು ನಿಭಾಯಿಸುವ ಟಿಸಿಪಿ, ಪ್ಯಾಕೆಟ್ ಬಿದ್ದ ಮೇಲೆಯೇ ವೇಗ ತಗ್ಗಿಸುವುದು. ಬೀಳುವುದೇ ತಡವಾದರೆ ಕಳಿಸುವ ಕಡೆಗೆ ಗೊತ್ತಾಗುವುದು ಹೇಗೆ? ಅಷ್ಟು ಹೊತ್ತೂ ಆನ್‌ಲೈನ್ ಪಾಠದ ಧ್ವನಿ ಅದೇ ಸಾಲಿನ ಬಾಲದಲ್ಲಿ ನಿಂತಿರುತ್ತದೆ.

ಹಂಚಿಕೆಯೂ ಅನ್ಯಾಯದ್ದೇ. ಒಂದು ಮನೆ 16 ಕನೆಕ್ಷನ್ ತೆರೆದು, ಪಕ್ಕದ ಮನೆ ಒಂದೇ ತೆರೆದರೆ, ಹೆಚ್ಚುಕಡಿಮೆ 17ರಲ್ಲಿ 16 ಪಾಲು ಮೊದಲನೆಯವರದು. ಬೀದಿ ನಲ್ಲಿಯ ಮುಂದೆ ಒಬ್ಬರೇ ಹದಿನಾರು ಕೊಡ ಇಟ್ಟ ಹಾಗೆ. ಎಫ್‌ಕ್ಯೂ-ಕೋಡೆಲ್ ಎಂಬ ಸರತಿ ನಿಯಂತ್ರಣ ಹಾಕಿದರೆ ವಿಳಂಬವೇನೋ ಇಳಿಯುತ್ತದೆ: ಸರತಿಯಲ್ಲಿ 5 ಮಿಲಿಸೆಕೆಂಡಿಗಿಂತ ಹೆಚ್ಚು ಕಾಯುವುದು 100 ಮಿಲಿಸೆಕೆಂಡ್ ಮುಂದುವರಿದರೆ ಅದು ಪ್ಯಾಕೆಟ್ ಬೀಳಿಸತೊಡಗುತ್ತದೆ. ಆದರೆ ಅದು ಎಣಿಸುವುದು ಕನೆಕ್ಷನ್ನುಗಳನ್ನು, ಮನೆಗಳನ್ನಲ್ಲ. ಆದ್ದರಿಂದ ನಮಗೆ ಬೇಕಾದ್ದು ಮನೆವಾರು ಹಂಚಬಲ್ಲ, ಕೇಕ್ ಎಂಬ ಸರತಿ ನಿಯಂತ್ರಣ. 2018ರ ಲಿನಕ್ಸ್ 4.19ರಿಂದಲೂ ಅದು ಕರ್ನಲ್‌ನಲ್ಲೇ (ಆ ಕಾರ್ಯಾಚರಣೆ ತಂತ್ರಾಂಶದ ತಿರುಳಿನಲ್ಲೇ) ಇದೆ.

ನಿಮ್ಮ ತಂತ್ರಜ್ಞರು ಮಾಡಬೇಕಾದ್ದು: ಅಪ್‌ಲೋಡ್ ಮಿತಿ 19ಕ್ಕೆ, ಡೌನ್‌ಲೋಡ್ 190ಕ್ಕೆ ಇಡಿ. ಪೂರ್ತಿ 20 ಇಟ್ಟರೆ ಸರತಿ ನಿಮ್ಮ ಫೈಬರ್ ಪೆಟ್ಟಿಗೆಯೊಳಗೇ ಬೆಳೆಯುತ್ತದೆ, ಕೇಕ್‌ಗೆ ಅದರ ಮೇಲೆ ಹಿಡಿತ ಸಿಗುವುದಿಲ್ಲ. ಮನೆವಾರು ಹಂಚಿಕೆಗಾಗಿ ಅಪ್‌ಲೋಡ್‌ಗೆ ಡ್ಯುಯಲ್-ಎಸ್‌ಆರ್‌ಸಿ-ಹೋಸ್ಟ್, ಡೌನ್‌ಲೋಡ್‌ಗೆ ಡ್ಯುಯಲ್-ಡಿಎಸ್‌ಟಿ-ಹೋಸ್ಟ್ ಹಾಕಿ, ಎರಡರಲ್ಲೂ ನ್ಯಾಟ್ ಆಯ್ಕೆ (ಹೊರಗಿನ ಒಂದೇ ವಿಳಾಸದ ಹಿಂದಿನ ಮನೆಗಳನ್ನು ಗುರುತಿಸುವುದು) ಆನ್ ಮಾಡಿ. ಅದಿಲ್ಲದಿದ್ದರೆ 24 ಮನೆಗಳೂ ಒಂದೇ ವಿಳಾಸವಾಗಿ ಕಾಣುತ್ತವೆ. ಹಾರ್ಡ್‌ವೇರ್ ಆಫ್‌ಲೋಡ್ (ಪ್ಯಾಕೆಟ್ ಸಾಗಿಸುವ ಕೆಲಸವನ್ನು ನೇರ ಚಿಪ್‌ಗೇ ಬಿಡುವುದು) ಮರೆಯದೆ ಆಫ್ ಮಾಡಿ, ಆನ್ ಇದ್ದರೆ ಪ್ಯಾಕೆಟ್‌ಗಳು ಸರತಿಯನ್ನೇ ತಪ್ಪಿಸಿ ಹೋಗುತ್ತವೆ.

ಆಮೇಲೆ ಒಂದು ನಿಮಿಷ ಅಪ್‌ಲೋಡ್ ತುಂಬಿಸಿ, ನಮ್ಮೆದುರೇ ಪಿಂಗ್ ನೋಡಿ. 40 ಮಿಲಿಸೆಕೆಂಡ್ ದಾಟಬಾರದು.

ಇದು ನಿಮ್ಮ ರೂಟರಿನಲ್ಲಿ ಆಗದಿದ್ದರೆ ಅದನ್ನು ಬ್ರಿಡ್ಜ್ ಮೋಡ್‌ಗೆ (ಲೈನನ್ನು ಹಾಗೇ ದಾಟಿಸುವಷ್ಟೇ ಕೆಲಸಕ್ಕೆ) ಹಾಕಿಕೊಡಿ, ರೂಟರ್ ನಾವೇ ತಂದುಕೊಳ್ಳುತ್ತೇವೆ. ಎರಡರಲ್ಲಿ ಯಾವುದು ಎಂಬುದನ್ನು ಏಳು ದಿನದೊಳಗೆ ಲಿಖಿತವಾಗಿ ತಿಳಿಸಿ. ಅಲ್ಲಿಯವರೆಗೆ ಈ ದೂರನ್ನು ಮುಚ್ಚಬೇಡಿ.

ಇತಿ,
ನಿವಾಸಿಗಳ ಸಂಘದ ಪರವಾಗಿ