ಎಷ್ಟು ಮಹಡಿ? ಬೋರ್ಡಿನಲ್ಲೇ ಬರೆಯಲಿ

ಮಾನ್ಯರೇ,

ಪಕ್ಕದ ಖಾಲಿ ಜಾಗದಲ್ಲಿ ಎಷ್ಟು ಅಂತಸ್ತಿನ ಅಪಾರ್ಟ್‌ಮೆಂಟ್ ಏಳಬಹುದು ಎಂಬುದು ಬೆಂಗಳೂರಿನ ಸಾಮಾನ್ಯ ನಿವಾಸಿಗೆ ಗೊತ್ತಾಗುವುದೇ ಇಲ್ಲ. ‘ಬಿಲ್ಡರ್ ಹತ್ರ ದುಡ್ಡಿದೆ, ಕಟ್ತಾನೆ ಬಿಡಿ’ ಎಂದು ಸುಮ್ಮನಾಗುತ್ತೇವೆ. ಆದರೆ ಇದರ ಲೆಕ್ಕ ಅಷ್ಟೇನೂ ಕಷ್ಟವಲ್ಲ. ನಗರದ ಮಾಸ್ಟರ್ ಪ್ಲಾನ್ 2015ರ ವಲಯ ನಿಯಮಗಳಲ್ಲಿ ಎಫ್‌ಎಆರ್ (ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) ನಿಗದಿಯಾಗುವುದು ಮುಖ್ಯವಾಗಿ ನಿವೇಶನದ ಅಳತೆ ಮತ್ತು ಎದುರಿನ ರಸ್ತೆಯ ಅಗಲ ನೋಡಿ. ಎಫ್‌ಎಆರ್ 2 ಎಂದರೆ, 10,000 ಚದರ ಅಡಿ ಜಾಗದಲ್ಲಿ ಎಲ್ಲ ಮಹಡಿ ಸೇರಿ 20,000 ಚದರ ಅಡಿ. ಪಾರ್ಕಿಂಗ್ ಇದರಲ್ಲಿ ಸೇರುವುದಿಲ್ಲ. ಕಟ್ಟಡ ಎತ್ತರವಾದಷ್ಟೂ ಸುತ್ತ ಬಿಡಬೇಕಾದ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್, ಜಾಸ್ತಿ.

ಈ ಲೆಕ್ಕಕ್ಕೆ ಆಧಾರವಾದ, ಕಾಗದದಲ್ಲಿ 40 ಅಡಿ ಎಂದಿರುವ ರಸ್ತೆ ಟೇಪ್ ಹಿಡಿದಾಗ 30 ಅಡಿ ಬಂದರೆ, ಅದು ಮೊದಲು ಕಣ್ಣಿಗೆ ಬೀಳುವುದು ಅದೇ ಬೀದಿಯವರಿಗೆ. ದೊಡ್ಡ ಯೋಜನೆಗಳ ವಿವರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಸಿಗುತ್ತದೆ, ನಿಜ. ಅಲ್ಲಿ ಹೋಗಿ ಹುಡುಕುವವರು ಎಷ್ಟು ಮಂದಿ?

ಪಾಯ ತೋಡುವ ಮುಂಚೆಯೇ ರಸ್ತೆಯ ಅಗಲ, ಎಫ್‌ಎಆರ್, ಮಹಡಿ, ಸೆಟ್‌ಬ್ಯಾಕ್, ಇಷ್ಟನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದ ಬೋರ್ಡನ್ನು ನಿವೇಶನದ ಮುಂದೆ ಹಾಕಿಸುವ ವಿಷಯದಲ್ಲಿ ಪಾಲಿಕೆಗಳು ಕಟ್ಟುನಿಟ್ಟಾಗಲಿ. ಬೋರ್ಡ್ ಇಲ್ಲದಿದ್ದರೆ ಕೆಲಸ ನಿಲ್ಲಿಸಲಿ.

– ಓದುಗ, ಬೆಂಗಳೂರು