ಓಎಸ್‌ಪಿಎಫ್ ನೇಬರ್ ಬರುತ್ತಿಲ್ಲವೇ? ಮೊದಲು ಇದನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಫ್ರೇಮ್ ರಿಲೇ (ದೂರದ ರೂಟರ್‌ಗಳನ್ನು ಜೋಡಿಸುವ ಹಳೆಯ ತಂತ್ರ) ಲ್ಯಾಬ್‌ನಲ್ಲಿ ಪಿಂಗ್ ಹೋಗುತ್ತದೆ, ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳನ್ನು ಹಂಚಿಕೊಳ್ಳುವ ಪ್ರೋಟೋಕಾಲ್) ನೇಬರ್, ಅಂದರೆ ಪಕ್ಕದ ರೂಟರ್, ಮಾತ್ರ ಬರುವುದಿಲ್ಲ ಎಂಬ ಪ್ರಶ್ನೆ ಗುಂಪಿನಲ್ಲಿ ಪದೇ ಪದೇ ಬರುತ್ತಿದೆ.

ಓಎಸ್‌ಪಿಎಫ್ ಹಲೋ (ನೇಬರ್ ಹುಡುಕುವ ಸಂದೇಶ) ಸಾಮಾನ್ಯವಾಗಿ 224.0.0.5 ಮಲ್ಟಿಕಾಸ್ಟ್ ವಿಳಾಸಕ್ಕೆ ಹೋಗುತ್ತದೆ. ಫ್ರೇಮ್ ರಿಲೇಯಂಥ ನಾನ್-ಬ್ರಾಡ್‌ಕಾಸ್ಟ್ ಜಾಲ ಅದನ್ನು ತಾನಾಗಿ ಎಲ್ಲರಿಗೂ ಹಂಚುವುದಿಲ್ಲ. ಹಾಗಾಗಿ ಹಬ್ (ಕೇಂದ್ರದ) ರೂಟರ್‌ನಲ್ಲಿ ಪ್ರತಿ ಸ್ಪೋಕ್‌ನ (ಹಬ್‌ಗೆ ಜೋಡಿಸಿದ ರೂಟರ್) ಐಪಿಯನ್ನೂ ನೇಬರ್ ಕಮಾಂಡ್‌ನಲ್ಲಿ ಕೊಡಲೇಬೇಕು.

ನೇಬರ್ ಪಟ್ಟಿಯಲ್ಲಿ ಅಟೆಂಪ್ಟ್ ಎಂದಿದ್ದರೆ ಹಲೋ ಹೊರಟಿದೆ, ಒಪ್ಪುವಂಥ ಉತ್ತರ ಬಂದಿಲ್ಲ. ಮ್ಯಾಪ್ (ಐಪಿಗೆ ಡಿಎಲ್‌ಸಿಐ ಹೊಂದಿಸುವ ಸಾಲು), ಡಿಎಲ್‌ಸಿಐ (ಸರ್ಕ್ಯೂಟ್‌ನ ಸಂಖ್ಯೆ), ಆಮೇಲೆ ಟೈಮರ್ ನೋಡಿ: ನಾನ್-ಬ್ರಾಡ್‌ಕಾಸ್ಟ್‌ಗೆ ಹಲೋ 30, ಡೆಡ್ (ಹಲೋ ಬಾರದೆ ನೇಬರ್ ಹೋಯಿತೆಂದು ತಿಳಿಯುವ ಅವಧಿ) 120 ಸೆಕೆಂಡ್, ಬ್ರಾಡ್‌ಕಾಸ್ಟ್‌ಗೆ 10 ಮತ್ತು 40. ಎಕ್ಸ್‌ಸ್ಟಾರ್ಟ್‌ನಲ್ಲೇ (ಮಾಹಿತಿ ವಿನಿಮಯ ಶುರುವಾಗುವ ಹಂತ) ನಿಂತರೆ ಎರಡೂ ಕಡೆಯ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಹೋಲಿಸಿ.

ಹೆಚ್ಚು ಕಾಡುವುದು ಡಿಆರ್ (ಎಲ್ಲರ ಪರವಾಗಿ ಮಾಹಿತಿ ಹಂಚುವ ರೂಟರ್) ಆಯ್ಕೆ. ಸ್ಪೋಕ್‌ಗಳ ನಡುವೆ ಪಿವಿಸಿ (ನೇರ ಸರ್ಕ್ಯೂಟ್) ಇಲ್ಲದಿರುವಾಗ ಅವುಗಳಲ್ಲೊಂದು ಡಿಆರ್ ಆದರೆ ಉಳಿದವು ಅದನ್ನು ಮುಟ್ಟಲಾರವು, ರೂಟ್‌ಗಳು ಅರ್ಧಂಬರ್ಧ ಬರುತ್ತವೆ. ಹಬ್‌ಗೆ ಪ್ರಯಾರಿಟಿ (ಡಿಆರ್ ಆಯ್ಕೆಯ ಆದ್ಯತೆ) 255 ಕೊಟ್ಟರೆ ಸಾಲದು, ಆಗಲೇ ಆಯ್ಕೆಯಾದ ಡಿಆರ್ ಅದರಿಂದ ಇಳಿಯುವುದಿಲ್ಲ. ಎಲ್ಲ ಸ್ಪೋಕ್‌ಗಳಲ್ಲೂ ಪ್ರಯಾರಿಟಿ 0 ಹಾಕಿ, ಆಗ ಅವು ಡಿಆರ್ ಆಗುವುದೇ ಇಲ್ಲ.

ಫುಲ್ (ನೇಬರ್ ಸಂಬಂಧ ಪೂರ್ಣ) ಎಂದು ತೋರಿಸಿಯೂ ರೂಟ್ ಬಾರದಿದ್ದರೆ ನೆಟ್‌ವರ್ಕ್ ಟೈಪ್ ಬೇರೆ ಬೇರೆ ಇರಬಹುದು. ಒಂದು ಕಡೆ ನಾನ್-ಬ್ರಾಡ್‌ಕಾಸ್ಟ್, ಇನ್ನೊಂದು ಕಡೆ ಪಾಯಿಂಟ್-ಟು-ಮಲ್ಟಿಪಾಯಿಂಟ್ (ಪ್ರತಿ ಸ್ಪೋಕ್‌ಗೂ ಬೇರೆ ಕೊಂಡಿ ಎಂದು ನೋಡುವ ಟೈಪ್) ಇದ್ದಾಗ ಟೈಮರ್ ಹೊಂದುವುದರಿಂದ ದೋಷ ಕಣ್ಣಿಗೆ ಬೀಳುವುದಿಲ್ಲ.

ಹಬ್-ಸ್ಪೋಕ್ ಜಾಲಕ್ಕೆ ಪಾಯಿಂಟ್-ಟು-ಮಲ್ಟಿಪಾಯಿಂಟೇ ವಾಸಿ ಎಂಬುದು ನನ್ನ ಅಭಿಪ್ರಾಯ. ಡಿಆರ್ ಗೋಜೇ ಇಲ್ಲ. ಮ್ಯಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಪದ ಬಿಡಬೇಡಿ, ಬಿಟ್ಟರೆ ಮಲ್ಟಿಕಾಸ್ಟ್ ಹಲೋ ಹೋಗುವುದಿಲ್ಲ.

ಇಷ್ಟಾದರೂ ಬಾರದಿದ್ದರೆ 'ಶೋ ಐಪಿ ಓಎಸ್‌ಪಿಎಫ್ ಇಂಟರ್‌ಫೇಸ್' ಔಟ್‌ಪುಟ್ ಅನ್ನು ಇಲ್ಲಿ ಹಾಕಿ. ದಯವಿಟ್ಟು ಎರಡೂ ರೂಟರ್‌ಗಳದ್ದು ಇರಲಿ.